ಬೀಗಿತಿ ಹಿಡಿದ ಹಾಡು

ನನ್ನ ಫೋನಿನಲ್ಲಿರುವ ಸೀಮಂತದ ಹಾಡನ್ನು ಕಳಿಸು ಎಂದು ನೀವು ಮೊಮ್ಮಕ್ಕಳೆಲ್ಲ ಸೇರಿ ಪೀಡಿಸುತ್ತಿದ್ದೀರಿ. ನನಗೆ ಕಳಿಸಲು ಬರುವುದಿಲ್ಲ ಎಂದು ಹೇಳಿ ನೋಡಿದೆ. ನಿಮ್ಮಲ್ಲೇ ಒಬ್ಬರು ಹೇಗೆ ಕಳಿಸುವುದೆಂದು ತೋರಿಸಿಕೊಟ್ಟರು. ಆ ನೆಪವೂ ಹೋಯಿತು. ಎದುರು ಕೂತು ಕಾರಣ ಹೇಳೋಣವೆಂದರೆ ನನಗೆ ಬಾಯಿ ಬರುವುದಿಲ್ಲ, ಅದು ನಿಮಗೇ ಗೊತ್ತು. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಓದಿ ಮುಗಿಸಿದ ಮೇಲೆ ಆ ಹಾಡನ್ನು ಕಳಿಸಬಹುದೋ ಬಾರದೋ ನೀವೇ ಹೇಳಿ.

ಇದೆಲ್ಲ ಶುರುವಾದದ್ದು ನನ್ನ ಕಿರಿಮಗಳ, ಅಂದರೆ ನಿಮ್ಮ ಚಿಕ್ಕತ್ತೆಯ, ಬೀಗರೂಟದಲ್ಲಿ. ಮದುವೆ ನಮ್ಮ ಕರಿಘಟ್ಟದ ಕಡೆ ಆಯಿತು. ಬೀಗರೂಟ ಅಕ್ಕಿಹೆಬ್ಬಾಳಿನಲ್ಲಿ, ಅವಳ ಅತ್ತೆಯ ಮನೆ ಮುಂದೆ. ಅವರ ಮನೆ ರೈಲ್ವೆ ಸ್ಟೇಷನ್ನಿಗೆ ಎಷ್ಟು ಹತ್ತಿರವೆಂದರೆ ರೈಲು ಬಂದಾಗ ಚಪ್ಪರದ ಕೆಳಗೆ ಕೂತವರು ಮಾತು ನಿಲ್ಲಿಸಿ, ಹೋದ ಮೇಲೆ ಮುಂದುವರಿಸಬೇಕು.

ಬೀಗರೂಟದಲ್ಲಿ ಬೀಗರನ್ನು ಹಾಡಿನಲ್ಲಿ ಬೈಯುವುದು ನಿಮಗೆ ಗೊತ್ತಿರಬಹುದು. ಈಚೆಗೆ ಡೀಜೆ ಬಂದು ಅದು ಕಡಿಮೆಯಾಗಿದೆ. ಬೀಗರು ಊಟಕ್ಕೆ ಕೂತ ಹೊತ್ತಿಗೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮೇಲೆ ಪದ ಕಟ್ಟಿ ಹಾಡಬೇಕು. ಮೂಗು, ಹೊಟ್ಟೆ, ನಡಿಗೆ, ಜಿಪುಣತನ, ಏನು ಸಿಕ್ಕರೆ ಅದು. ಅವರು ತುತ್ತು ನುಂಗಿ ಜವಾಬು ಹಾಡಬೇಕು. ಜವಾಬು ಹೊಳೆಯದವರು ನಕ್ಕು ಇನ್ನೊಂದು ಮುದ್ದೆ ಹಾಕಿಸಿಕೊಳ್ಳಬೇಕು. ಕೈ ತೊಳೆದರೆ ಅಲ್ಲಿಗೆ ಆ ಹಾಡು ಮುಗಿಯಿತು. ಮಾರನೆಯ ದಿನ ಕೇಳಿದರೆ ಹಾಡಿದವರಿಗೇ ನೆನಪಿರುವುದಿಲ್ಲ.

ನಮ್ಮ ಕಡೆಯ ಹಾಡಿಗೆ ನನ್ನ ಓರಗಿತ್ತಿಯೇ ಮುಂದಾಳು. ನಿಮ್ಮ ದೊಡ್ಡಜ್ಜಿ. ಅವರು ಮುಂದೆ ನಿಂತು ಕೈ ತಿರುಗಿಸುತ್ತಾರೆ, ಸೊಂಟಕ್ಕೆ ಸೆರಗು ಸಿಕ್ಕಿಸುತ್ತಾರೆ, ಯಾರ ಮೇಲೆ ಹಾಡು ಎಂದು ಬೆರಳು ತೋರಿಸುತ್ತಾರೆ. ಪದ ಕಟ್ಟುವುದು ಮತ್ತು ಮೊದಲ ದನಿ ಎತ್ತುವುದು ನಾನು. ಆದರೆ ನಾನಿರುವುದು ಕಂಬದ ಮರೆಯಲ್ಲಿ. ಮೊದಲೆಲ್ಲ ನಾಚಿಕೆಗೆ ಅಲ್ಲಿ ನಿಲ್ಲುತ್ತಿದ್ದೆ. ನಿಮ್ಮ ತಾತ ಹೋದ ಮೇಲೆ ಅಲ್ಲೇಕೆ ನಿಂತಿದ್ದೀಯೆ ಎಂದು ಕೇಳುವವರೂ ಇಲ್ಲವಾದರು. ನನಗೇನೋ ಅನುಕೂಲವೇ ಆಯಿತು.

ಅವತ್ತು ನಮ್ಮ ಬೀಗಿತಿ, ಮಗಳ ಅತ್ತೆ, ಊಟಕ್ಕೆ ಕೂತಿದ್ದರು. ದಪ್ಪ ಮೂಗುಬೊಟ್ಟು, ಅಗಲ ಮುಖ, ಗಟ್ಟಿ ದನಿ. ಆಗ ತಾನೇ ಒಂದು ರೈಲು ಹೋಗಿತ್ತು. ನನ್ನ ಬಾಯಿಗೆ ಬಂದದ್ದು ಇದು:

ರೈಲು ಕೂಗಿದ್ರೂವೆ ಕುಂತಲ್ಲೆ ಕುಂತವ್ಳೆ
ಟೇಸನ್ನು ಪಕ್ಕದ ಬೀಗಿತಿ
ಬಾಡಿನ ಬಕೀಟಿನ ಸದ್ದು ಕೇಳ್ದೇಟ್ಗೆ
ಎದ್ದೋಡಿ ಬಂದವ್ಳೆ ಬೀಗಿತಿ

ಮೂಗ್ಬೊಟ್ಟಿನಿಂದೆ ಮೂಗೆಲ್ಲಿ ಅಡ್ಗದೊ
ಉಡ್ಕಿ ಕೊಡ್ರವ್ವ ಬೀಗಿತಿಗೆ

ಇನ್ನೂ ನಾಲ್ಕಾರು ನುಡಿ ಇತ್ತು, ಅದನ್ನು ಬರೆಯುವುದಿಲ್ಲ. ಬೀಗಿತಿಗೆ ನಗು ತಡೆಯಲಾಗದೆ ನೆತ್ತಿಗೆ ಹತ್ತಿತು. ನೀರು ಕುಡಿದು ಎದ್ದರು. ಎಡಗೈಯಲ್ಲಿ ಸೊಂಟದಿಂದ ಫೋನು ತೆಗೆದರು.

“ತಾಳ್ರವ್ವ, ತಾಳಿ. ಇದ ಇಡ್ಕಬೇಕು ನಾನು. ಮೊದ್ಲಿಂದ ಹಾಡಿ,” ಎಂದರು. ಬಡಿಸುವವರ ಕಡೆ ತಿರುಗಿ, “ಲೇ, ಬಕೀಟು ಸದ್ದು ಮಾಡ್ಬ್ಯಾಡ್ರುಲಾ. ಆ ಜನರೇಟ್ರು ಆರ್ಸಿ. ಏ, ಆ ನಾಯಿ ಓಡ್ಸು ಅತ್ಲಾಗೆ,” ಎಂದು ಚಪ್ಪರವನ್ನೆಲ್ಲ ಸುಮ್ಮನಾಗಿಸಿದರು. ಓರಗಿತ್ತಿ ಮುಂದೆ ಬಂದು ಸೆರಗು ಸರಿಮಾಡಿಕೊಂಡು ನಿಂತರೆ, ಬೀಗಿತಿ ಅವರನ್ನು ದಾಟಿಕೊಂಡು ಬಂದು ಫೋನನ್ನು ಕಂಬದ ಹತ್ತಿರ, ನನ್ನ ಕಡೆಗೇ ಹಿಡಿದರು. ಅಷ್ಟು ಜನರಲ್ಲಿ ದನಿ ಎಲ್ಲಿಂದ ಬರುತ್ತಿದೆ ಎಂದು ಗುರುತು ಹಿಡಿದವರು ಅವರೊಬ್ಬರೇ. ನಾನು ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಹಾಡಿದೆ. ಎಲ್ಲರೂ ಚಪ್ಪಾಳೆ ಹೊಡೆದರು, ಜನರೇಟರು ಮತ್ತೆ ಹತ್ತಿತು, ಉಂಡವರು ಕೈ ತೊಳೆಯಲು ಎದ್ದರು. ಬೀಗಿತಿ ತಮ್ಮ ನೆಂಟರಿಗೆಲ್ಲ ಆ ಹಾಡನ್ನು ವಾಟ್ಸಾಪಿನಲ್ಲಿ ಕಳಿಸಿದರು. ತಮ್ಮನ್ನೇ ಬೈದ ಹಾಡನ್ನು ಇಷ್ಟು ಖುಷಿಯಿಂದ ಹಂಚಿದವರನ್ನು ನಾನು ಬೇರೆ ಕಂಡಿಲ್ಲ.

ಆಮೇಲೆ ನಾವೆಲ್ಲ ಮರೆತೆವು.

ಮಗಳು ಬಸುರಿಯಾದಳು. ಸೀಮಂತ ನಮ್ಮ ಮನೆಯಲ್ಲಿ ಎಂದು ಮಾತಾಯಿತು. ಬಳೆ ತೊಡಿಸಿದ ಮೇಲೆ ಬಾಣಂತನ ಮುಗಿಯುವವರೆಗೆ ಅವಳು ಇಲ್ಲಿಯೇ ಇರಬೇಕೆಂದು ನಾನು ಹಾಸಿಗೆಯ ಹತ್ತಿ ಕೂಡ ಬಿಡಿಸಿ ಬಿಸಿಲಿಗೆ ಹಾಕಿದ್ದೆ. ಅಷ್ಟರಲ್ಲಿ ಅವಳ ಫೋನು ಬಂತು.

“ಅವ್ವ, ನಮ್ಮತ್ತೆ ಸೀಮಂತಕ್ಕೆ ಬರಾಕಿಲ್ವಂತೆ.”

“ಯಾಕವ್ವ? ಏನಾಯ್ತು?”

“ನಿನ್ನ ಹಾಡು ಕಣವ್ವ ಆಗಿದ್ದು. ಕೆ.ಆರ್. ಪೇಟೆ ಬಸ್ಸಲ್ಲಿ ಹಾಕ್ತಾವ್ರೆ. ಆಟೋದೋರು ಹಾಕ್ತಾವ್ರೆ. ಮೊನ್ನೆ ಸಿಂಧಘಟ್ಟದಲ್ಲಿ ಒಂದು ಮದ್ವೆಗೆ ಹೋಗಿದ್ರೆ, ಇವ್ರು ಒಳಗೆ ಕಾಲಿಡೋ ಹೊತ್ಗೆ ಸರಿಯಾಗಿ ಮೈಕಲ್ಲಿ ಹಾಕ್ಬುಟ್ರು. ಊಟದ ಪಂಕ್ತೀಲಿ ಯಾರೋ ಬಕೀಟು ಕುಟ್ಟಿದ್ರಂತೆ. ಉಣ್ಣದೆ ಎದ್ದು ಬಂದವ್ರೆ.”

“ಬೈದ್ರಾ ನಿನ್ನ?”

“ಬೈದಿದ್ರೆ ವಾಸಿ. ಮಾತೇ ಆಡ್ತಿಲ್ಲ. ಆ ಹಾಡ ಇಳಿಸೋಗಂಟ ನಿಮ್ಮವ್ವನ ಹೊಸ್ಲು ತುಳಿಯಾಕಿಲ್ಲ ಅಂದವ್ರೆ. ಅವ್ರು ಬರ್ದಿದ್ರೆ ನಾನೆಂಗವ್ವ ಹೊರಟು ಬರ್ಲಿ?”

ಗಟ್ಟಿ ದನಿಯವರು ಮೌನವಾದರೆ ಮನೆ ಎಷ್ಟು ಭಾರವಾಗುತ್ತದೆ ಎಂದು ನನಗೆ ಗೊತ್ತು. ಆ ಭಾರದ ಕೆಳಗೆ ಬಸುರಿ ಹೆಣ್ಣುಮಗಳು ಓಡಾಡಬೇಕು. ಹಾಡು ನನ್ನದು, ನಾನೇ ಇಳಿಸುತ್ತೇನೆ ಬಿಡು ಎಂದು ಮಗಳಿಗೆ ಧೈರ್ಯ ಹೇಳಿ ಫೋನಿಟ್ಟೆ. ಎಲ್ಲಿಂದ ಇಳಿಸುವುದು, ಯಾರನ್ನು ಕೇಳುವುದು, ಒಂದೂ ಗೊತ್ತಿರಲಿಲ್ಲ.

ಓರಗಿತ್ತಿಗೆ ಹೇಳಿದೆ. ಅವರು ತಮ್ಮ ಫೋನಿನಲ್ಲಿ ಹುಡುಕಿಸಿದರು. ಯೂಟ್ಯೂಬಿನಲ್ಲಿ ಇತ್ತು. ನಮ್ಮ ಹಾಡಿಗೆ ಧಿಮ್ ಧಿಮ್ ಎಂದು ಬೀಟು ಸೇರಿಸಿದ್ದರು. ಮೇಲೆ ಬಿಂದಿಗೆ ಹಿಡಿದ, ತುಟಿಗೆ ಕೆಂಪು ಹಚ್ಚಿದ ಯಾವುದೋ ಹುಡುಗಿಯ ಚಿತ್ರ.

“ಇವ್ಳು ಯಾರಮ್ಮಿ, ನಿನ್ನ ಗಂಟ್ಲಲ್ಲಿ ಹಾಡ್ತಾವ್ಳೆ?” ಎಂದರು ಓರಗಿತ್ತಿ.

ಹಾಕಿದವರು ನಾಗಮಂಗಲದ ಕಡೆ ಶಾಮಿಯಾನ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವವರೊಬ್ಬರು ಎಂದು ಕೆಳಗೇ ಬರೆದಿತ್ತು. ಮಾರನೆಯ ಬೆಳಗ್ಗೆಯೇ ಇಬ್ಬರೂ ಹೊರಟೆವು. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಹತ್ತಿದ ಎರಡನೆಯ ಬಸ್ಸಿನಲ್ಲಿ ಡ್ರೈವರು ಅದೇ ಹಾಡು ಹಾಕಿದ. ಓರಗಿತ್ತಿ ಸುಮ್ಮನಿರಬೇಕಲ್ಲ, ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ, “ಇದು ನಾವೇ ಕಣವ್ವ ಹಾಡಿರೋದು,” ಎಂದರು. ಆಕೆ ಇವರನ್ನು ಮೇಲಿಂದ ಕೆಳಗೆ ನೋಡಿ, “ಊಂ, ನಮ್ಮತ್ತೇನೂ ಇಂಗೇ ಅಂತಾರೆ,” ಎಂದು ಕಿಟಕಿ ಕಡೆ ತಿರುಗಿಕೊಂಡಳು. ನಾನು ನಾಗಮಂಗಲ ಬರುವವರೆಗೆ ತಲೆ ಎತ್ತಲಿಲ್ಲ.

ಮೈಕ್ ಸೆಟ್ಟಿನ ಅಂಗಡಿಯವನು ಕೆಟ್ಟವನಲ್ಲ. ಕುರ್ಚಿ ಒರೆಸಿ ಕೂರಿಸಿದ, ಟೀ ತರಿಸಿದ. ನಾವು ಬಂದ ವಿಷಯ ಕೇಳಿದ ಮೇಲೆ ಮಾತ್ರ ಮುಖ ಗಂಟಿಕ್ಕಿದ.

“ಅಮ್ಮಾ, ಇದು ಜನಪದ. ಯಾರ್ದೂ ಅಲ್ಲ. ಫೋನಿಗೆ ಯಾರೋ ಕಳ್ಸಿದ್ರು, ಚೆನ್ನಾಗಿತ್ತು. ಕುಂತು ಬೀಟ್ ಹಾಕಿದೋನು ನಾನು, ಸದ್ದುಗದ್ದಲ ತೆಗ್ದೋನು ನಾನು. ಚಾನಲ್ಲು ನಂದು. ರೈಟ್ಸೂ ನಂದೇ ಆಯ್ತದೆ.”

“ಹಸ ನಮ್ದು, ಹುಲ್ಲು ನಮ್ದು, ಹಾಲು ಮಾತ್ರ ನಿಂದಾ ಮಗ?” ಎಂದರು ಓರಗಿತ್ತಿ.

“ನಿಮ್ದೇ ಅನ್ನಕ್ಕೆ ಏನು ಗುರ್ತು? ನಿಮ್ಮಂಗೆ ಇನ್ನೂ ಮೂರು ಊರೋರು ನಮ್ದು ಅಂತ ಬಂದು ಹೋದ್ರು.”

“ಗುರ್ತಾ? ಹಾಡಿ ತೋರ್ಸಿದ್ರೆ ಸಾಕಾ?”

ಓರಗಿತ್ತಿ ಎದ್ದು ನಿಂತು, ಸೆರಗು ಸಿಕ್ಕಿಸಿ, ರೈಲು ಕೂಗಿಸಿಯೇಬಿಟ್ಟರು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಅವನು ತಲೆ ಓರೆ ಮಾಡಿ ಪೂರ್ತಿ ಕೇಳಿ, “ಹಿಂದೆ ಹಾಡೋ ದನಿ ಇದೇ ಇರ್ಬೋದು. ಮುಂದಿನ ದನಿ ಇದಲ್ಲ ಅಮ್ಮ. ಅದು ಬೇರೆ,” ಎಂದ. ಕಿವಿ ಚುರುಕಾಗಿತ್ತು ಅವನದು.

“ಅದು ಇವ್ಳೇ ಕಣಪ್ಪ. ಹಾಡು ಅಮ್ಮಿ.”

ನಾನು ಟೀ ಲೋಟ ನೋಡುತ್ತ ಕೂತೆ. ಅಂಗಡಿಯಲ್ಲಿ ಒಂದರ ಮೇಲೊಂದು ಪೇರಿಸಿದ ಸ್ಪೀಕರುಗಳೆಲ್ಲ ನನ್ನ ಬಾಯಿಯನ್ನೇ ನೋಡುತ್ತಿರುವಂತೆ ಅನಿಸಿತು. ಮಗಳನ್ನು ನೆನೆಸಿಕೊಂಡೆ. ಹಾಡಬೇಕೆಂದು ಬಾಯಿ ತೆರೆದೆ ಕೂಡ. ಬಂದದ್ದು ಕೆಮ್ಮು.

“ಬರ್ತೀನಪ್ಪ,” ಎಂದು ಎದ್ದೆ.

ವಾಪಸು ಬರುವಾಗ ಓರಗಿತ್ತಿ ಪಾಂಡವಪುರದವರೆಗೆ ಬೈದರು. “ಕಂಬ ಹೊತ್ಕಂಡು ಹೋಗ್ಬೇಕಾಗಿತ್ತು ಕಣಮ್ಮಿ ನಾಗಮಂಗಲಕ್ಕೆ,” ಎಂದರು. ಅಲ್ಲಿಂದ ಮುಂದೆ ಅವರಿಗೆ ನಿದ್ದೆ ಬಂತು. ನನಗೆ ಬರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಇಳಿದಾಗ ಓರಗಿತ್ತಿಗೆ ಪರಿಚಯದ ಒಬ್ಬ ವಕೀಲೆಯ ನೆನಪಾಯಿತು. ಇವರ ಜಮೀನಿನ ಪಹಣಿಯ ಕೆಲಸ ಮಾಡಿಕೊಟ್ಟವಳು. ಆಫೀಸಿನ ಮೆಟ್ಟಿಲು ಹತ್ತಿದೆವು. ಆ ಹೆಣ್ಣುಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ಹಾಡನ್ನೂ ಕೇಳಿ ಚೆನ್ನಾಗಿ ನಕ್ಕಳು. ಆಮೇಲೆ ಹೇಳಿದಳು:

“ನೋಡಿ ಅಮ್ಮ, ಇದರಲ್ಲಿ ಒಂದೇ ವಸ್ತು ಇಲ್ಲ. ಧಾಟಿ ಹಳೇದು, ಅದು ಯಾರದೂ ಅಲ್ಲ. ಹೊಸದಾಗಿ ಕಟ್ಟಿದ ಪದ ಕಟ್ಟಿದವರದು. ಹಾಡಿದವರಿಗೆ ತಮ್ಮ ದನಿಯ ಮೇಲೆ ಬೇರೆ ಹಕ್ಕಿದೆ. ಆದರೆ ಆ ರೆಕಾರ್ಡಿಂಗು ಅನ್ನೋದು ಇವೆಲ್ಲದಕ್ಕಿಂತ ಬೇರೆಯೇ ಒಂದು ಆಸ್ತಿ. ಅದು ಹಾಡಿದವರದಲ್ಲ, ಬೀಟ್ ಹಾಕಿದವನದೂ ಅಲ್ಲ. ಮುಂದೆ ನಿಂತು, ಜವಾಬ್ದಾರಿ ತಗೊಂಡು ರೆಕಾರ್ಡು ಮಾಡಿಸಿದವರು ಯಾರೋ ಅವರದು. ಅವರನ್ನು ಕೇಳದೆ ಅವನು ಹಾಕೋ ಹಾಗಿಲ್ಲ.”

“ನಮ್ಮ ಪದ, ನಮ್ಮ ದನಿ ಅಂತ ನಾವೇ ತೆಗ್ಸಕ್ಕಾಗಲ್ವ?” ಎಂದರು ಓರಗಿತ್ತಿ.

“ಆಗ್ತದೆ. ಆದರೆ ನಿಮ್ಮದೇ ದನಿ ಅಂತ ತೋರಿಸಬೇಕು.” ವಕೀಲೆ ನನ್ನ ಕಡೆ ನೋಡಿದಳು. ನಾನು ಕ್ಯಾಲೆಂಡರು ನೋಡಿದೆ. “ರೆಕಾರ್ಡು ಮಾಡಿಸಿದವರು ಸಿಕ್ಕಿದರೆ ಸುಲಭ. ಅವರ ಹತ್ತಿರ ಮೊದಲಿನದು ಇರ್ತದೆ. ಅವತ್ತು ಯಾರು ಎಲ್ಲರನ್ನೂ ನಿಲ್ಲಿಸಿ ಹಾಡಿಸಿದ್ದು? ಗದ್ದಲ ಸುಮ್ಮನಾಗಿಸಿದ್ದು ಯಾರು?”

ನಾನು, ಓರಗಿತ್ತಿ ಮುಖ ಮುಖ ನೋಡಿಕೊಂಡೆವು. ಮೊದಲು ಅವರಿಗೆ ನಗು ಬಂತು, ಆಮೇಲೆ ನನಗೆ. ವಕೀಲೆಗೆ ಏನೆಂದು ಅರ್ಥವಾಗಲಿಲ್ಲ. ನಮಗೆ ಹೇಳುವಷ್ಟು ಉಸಿರಿರಲಿಲ್ಲ. ಹಾಡು ಇಳಿಸೋಗಂಟ ಹೊಸ್ತಿಲು ತುಳಿಯುವುದಿಲ್ಲ ಎಂದು ಕೂತವರೇ ಅದರ ಯಜಮಾನತಿ.

ಮಾರನೆಯ ದಿನ ಅಕ್ಕಿಹೆಬ್ಬಾಳಿಗೆ ಹೋದೆವು. ಬೀಗಿತಿ ಬಾಗಿಲಲ್ಲೇ ಇದ್ದರು. “ಬನ್ನಿ” ಎಂದರು, ಅಷ್ಟೇ. ಕಾಲಿಗೆ ನೀರು ಕೊಟ್ಟರು, ಕಾಫಿ ಕೊಟ್ಟರು, ಕಂಬಕ್ಕೆ ಒರಗಿ ಕೂತು ಹೊರಗೆ ನೋಡಿದರು. ಮಗಳು ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ಇಳಿದಿತ್ತು. ಓರಗಿತ್ತಿ ಮಾತು ತೆಗೆಯುತ್ತಾರೆಂದು ನಾನೂ, ನಾನು ತೆಗೆಯಲಿ ಎಂದು ಅವರೂ ಕೂತೆವು. ಒಂದು ರೈಲು ಬಂದು ಹೋಯಿತು. ಆ ಸದ್ದಿನಲ್ಲಿ ನನಗೆ ಸ್ವಲ್ಪ ಧೈರ್ಯ ಬಂತು.

“ಬೀಗಿತ್ಯಮ್ಮ,” ಎಂದೆ, “ಹಾಡು ನಮ್ಮದಲ್ಲವಂತೆ. ಲಾಯರಮ್ಮನ ಕೇಳ್ದೋ. ನಿಮ್ಮದಂತೆ.”

“ನಂದಾ?”

“ನೀವೇ ಅಲ್ವ ಜನರೇಟ್ರು ಆರ್ಸಿದ್ದು. ನಾಯಿ ಓಡ್ಸಿದ್ದು. ಮಾಡ್ಸಿದೋರ್ದೇ ರೆಕಾರ್ಡಂತೆ. ನೀವು ಒಪ್ದೆ ಯಾರೂ ಹಾಕಂಗಿಲ್ವಂತೆ.”

ಬೀಗಿತಿ ನಮ್ಮ ಕಡೆ ತಿರುಗಿದರು. ಎದ್ದು ಒಳಗೆ ಹೋಗಿ ಫೋನು ತಂದರು. ಹಳೆಯದನ್ನು ಹುಡುಕಿ ಹಾಕಿದರು. ಮೊದಲಿಗೇ ಅವರದೇ ದನಿ: “ತಾಳ್ರವ್ವ, ತಾಳಿ. ಇದ ಇಡ್ಕಬೇಕು ನಾನು.” ಬಕೀಟು, ನಾಯಿ, ಜನರೇಟರು ಆರಿದ್ದು, ಎಲ್ಲ ಇತ್ತು. ಬೀಟಿನವನು ಕತ್ತರಿಸಿ ಎಸೆದ ಸದ್ದುಗದ್ದಲವೇ ಅದು.

ಅವರು ಸೊಂಟ ನೆಟ್ಟಗೆ ಮಾಡಿಕೊಂಡು ಕೂತು, ಓರಗಿತ್ತಿಯಿಂದ ನಂಬರು ಕೇಳಿ ಪಡೆದು, ನಾಗಮಂಗಲಕ್ಕೆ ಫೋನು ಹಚ್ಚಿದರು.

“ಹಲೋ. ನಾನು ಬೀಗಿತಿ ಮಾತಾಡ್ತಿರೋದು. ಯಾವ ಬೀಗಿತಿಯಾ? ಟೇಸನ್ ಪಕ್ಕದ ಬೀಗಿತಿ ಕಣಪ್ಪ. ಮೂಗು ಸಿಕ್ತು ನಂದು, ಉಡ್ಕಬ್ಯಾಡ. ಆ ರೆಕಾರ್ಡು ನಂದು. ನೀನು ಕತ್ತರ್ಸಿದ ಮೊದ್ಲಿನ ತುಂಡು ನನ್ನ ತಾವ ಅದೆ, ಅದ್ರಲ್ಲಿರೋದು ಇದೇ ದನಿ, ಬೇಕಾದ್ರೆ ಕಳಿಸ್ತೀನಿ, ಕೇಳು. ಸಾಯಂಕಾಲದೊಳ್ಗೆ ಇಳ್ಸು.”

ಅವನು ಏನೇನೋ ಹೇಳಿದ. ತುಂಡು ಕಳಿಸಿದರು. ಸ್ವಲ್ಪ ಹೊತ್ತಿಗೆ ಅವನೇ ವಾಪಸು ಫೋನು ಮಾಡಿ, “ಬೇಜಾರ್ ಮಾಡ್ಕಬ್ಯಾಡಿ ಅಮ್ಮ, ಇಳಿಸ್ತೀನಿ,” ಎಂದ. ಸಂಜೆ ನಾವು ಬಸ್ಸು ಹತ್ತುವ ಮೊದಲೇ ಅದು ಹೋಗಿತ್ತು. ಜನರ ಫೋನುಗಳಲ್ಲಿ ಇದ್ದದ್ದು ಇದ್ದೇ ಇತ್ತು, ಅದಕ್ಕೆ ಯಾರೇನು ಮಾಡಲಾದೀತು.

ಆದರೆ ಫೋನಿಟ್ಟ ಮೇಲೂ ಬೀಗಿತಿಯ ಮುಖ ಪೂರ್ತಿ ತಿಳಿಯಾಗಿರಲಿಲ್ಲ. “ಇನ್ನೂ ಬೇಜಾರಾ?” ಎಂದು ಓರಗಿತ್ತಿ ಕೇಳಿದರು. “ಅಷ್ಟು ಬೈದಿದ್ದು ತಪ್ಪಾಯ್ತಾ?”

“ಬೈದಿದ್ಕೆ ಯಾರು ಬೇಜಾರಾದ್ರು? ಬೀಗಿತೀನ ಬೈಯ್ದೆ ಇನ್ಯಾರ ಬೈಯ್ತೀರಿ?” ಎಂದರು ಬೀಗಿತಿ. “ನನ್ನ ಜವಾಬು ಎಲ್ಲಿ? ಅವತ್ತು ಕೈಲಿ ಫೋನ್ ಇಡ್ಕೊಂಡು ನಿಂತ್ಬುಟ್ಟೆ ನಾನು. ನಿಮ್ಮ ಹಾಡು ಮುಗಿಯೋ ಹೊತ್ಗೆ ಜನ ಕೈ ತೊಳ್ಯಕ್ಕೆ ಎದ್ರು. ಊರೂರು ತಿರುಗ್ತಿರೋದು ಅರ್ಧ ಹಾಡು. ಕೇಳ್ದೋರೆಲ್ಲ ಏನಂದ್ಕತಾರೆ? ಅಕ್ಕಿಹೆಬ್ಬಾಳೋಳಿಗೆ ಜವಾಬು ಹೊಳೀಲಿಲ್ಲ ಅಂತ ಅಲ್ವ?”

ಇದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಮೂಗು, ಹೊಟ್ಟೆ, ಬಾಡು ಎಂದೆಲ್ಲ ಯೋಚಿಸಿದ್ದೆವು. ಅವರನ್ನು ಕೊರೆಯುತ್ತಿದ್ದದ್ದು ಹಾಡಿನಲ್ಲಿದ್ದ ಮಾತಲ್ಲ, ಹಾಡಿನ ಆಚೆ ಬರಬೇಕಿದ್ದ ಮಾತು.

“ಸೀಮಂತಕ್ಕೆ ಬನ್ನಿ,” ಎಂದೆ. “ಜವಾಬು ಅಲ್ಲೇ ಕೊಡಿ.”

“ಬತ್ತೀನಿ. ಸುಮ್ನೆ ಬರಾಕಿಲ್ಲ,” ಎಂದರು. ಅಡುಗೆ ಮನೆ ಕಡೆ ತಿರುಗಿ, “ಏ ಕೂಸೇ, ಅಲ್ಲೇನು ನಿಂತಿದ್ದೀಯ, ಬಾ ಕುಂತ್ಕೊ. ಕಾಲು ಊದ್ಕತದೆ,” ಎಂದರು. ಮಗಳು ಬಂದು ಅತ್ತೆಯ ಪಕ್ಕದಲ್ಲೇ ಕೂತಳು, ನನ್ನ ಪಕ್ಕದಲ್ಲಲ್ಲ. ನನಗೆ ಅದರಿಂದ ಎಷ್ಟು ಸಮಾಧಾನವಾಯಿತೆಂದರೆ ಆರಿದ ಕಾಫಿಯನ್ನೂ ಕುಡಿದೆ.

ಸೀಮಂತದ ದಿನ ನೀವೆಲ್ಲ ಇದ್ದಿರಿ, ಆದರೆ ಹಾಡಿನ ಹೊತ್ತಿಗೆ ಲೋಕಪಾವನಿ ಹೊಳೆಯಲ್ಲಿ ಆಡುತ್ತಿದ್ದಿರಿ. ಬಳೆ ತೊಡಿಸಿ ಆರತಿ ಆಯಿತು. ನಾನು ಎಂದಿನಂತೆ ಉಗ್ರಾಣದ ಬಾಗಿಲ ಹಿಂದೆ ಇದ್ದೆ. ಒಬ್ಬಟ್ಟಿನ ಊಟಕ್ಕೆ ಎಲೆ ಹಾಕಿ ಎಲ್ಲರೂ ಕೂತ ಮೇಲೆ ಬೀಗಿತಿ ನಡುಮನೆಯಲ್ಲಿ ಎದ್ದು ನಿಂತರು.

“ನಮ್ಮ ಬೀಗಿತಿ ಎಲ್ಲಿ? ಇತ್ಲಾಗೆ ಬನ್ನಿ. ಇವತ್ತು ಫೋನ್ ಇಡ್ಕಳೋ ಸರದಿ ನಿಮ್ದು.”

ಯಾರೋ ನನ್ನನ್ನು ಎಳೆದು ತಂದು ನಡುವೆ ನಿಲ್ಲಿಸಿದರು. ನನ್ನ ಕೈಗೆ ನನ್ನದೇ ಫೋನು. ಕೆಂಪು ಗುಂಡಿ ಒತ್ತಿದವರು ಓರಗಿತ್ತಿ. ಬೀಗಿತಿ ಶುರು ಮಾಡಿದರು:

ಬಾಗ್ಲಿಂದೆ ನಿಂತ್ಕಂಡು ಬಾಯ್ಮಾಡೊ ಬೀಗಿತಿ
ಎದ್ರಿಗೆ ಬಂದ್ರೆ ಮಾತಿಲ್ಲ
ಕರಿಘಟ್ಟದ ಬೆಟ್ಟಾನೂ ಕೂಗಿದ್ರೆ ಓಗೊಡ್ತದೆ
ನಮ್ಮ ಬೀಗಿತಿಗಷ್ಟೂ ಬಾಯಿಲ್ಲ

ಮನೆ ತುಂಬ ನಗು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಬೀಗಿತಿಯ ಎಲೆ ನೋಡಿದೆ. ನೋಡಬಾರದಿತ್ತು. ನಾಚಿಕೆ ಎಲ್ಲಿ ಹೋಯಿತೋ, ಫೋನು ಬಾಯಿಗೆ ಹತ್ತಿರವಿದೆ ಎನ್ನುವುದೂ ಮರೆತು ಅಲ್ಲೇ, ಎಲ್ಲರ ನಡುವೆಯೇ ಎತ್ತಿಬಿಟ್ಟೆ:

ಬಾಯಿಲ್ಲ ಅಂದೋರ ಎಲೆ ಮ್ಯಾಲೆ ನೋಡ್ರವ್ವ
ಒಬ್ಬಟ್ಟಿನ ಬೆಟ್ಟ ಬೆಳೆದದೆ
ಕರಿಘಟ್ಟ ಹತ್ತಕ್ಕೆ ಮೆಟ್ಲಾರು ಇದ್ದಾವೆ
ಈ ಬೆಟ್ಟ ಹತ್ತೋರು ಯಾರವ್ವ

“ಇದಪ್ಪ,” ಎಂದರು ಬೀಗಿತಿ. “ಈಗ ಸರಿ ಹೋಯ್ತು,” ಎಂದು ಕೂತು ಬೆಟ್ಟ ಹತ್ತಲು ಶುರು ಮಾಡಿದರು.

ನೀವು ಕೇಳುತ್ತಿರುವುದು ಈ ರೆಕಾರ್ಡನ್ನೇ. ಇದನ್ನು ಹಾಕಿದರೆ ಆ ಹಳೆಯ ಅರ್ಧ ಹಾಡಿಗೆ ಉತ್ತರ ಸಿಗುತ್ತದೆ ಎಂದು ನೀವು ಹೇಳುವುದೂ ನಿಜ. ಒಪ್ಪಿಗೆ ಕೇಳೋಣವೆಂದು ಬೀಗಿತಿಗೆ ಫೋನು ಮಾಡಿದೆ.

“ನನ್ನನ್ಯಾಕೆ ಕೇಳ್ತೀರಿ, ಇಡ್ಕಂಡೋರು ನೀವು. ನಿಮ್ದು ಅದು,” ಎಂದರು.

“ಇಡ್ಕೊ ಅಂದೋರು ನೀವು. ನಿಮ್ಮದು,” ಎಂದೆ.

“ಗುಂಡಿ ಒತ್ತಿದೋರು?”

ಓರಗಿತ್ತಿಯನ್ನು ಕೇಳಿದರೆ ಅವರು ತಮ್ಮದೇ ಎನ್ನುವುದರಲ್ಲಿ ಸಂಶಯವಿಲ್ಲ. ಅದಕ್ಕೇ ಇನ್ನೂ ಕೇಳಿಲ್ಲ. ವಕೀಲೆಯ ಹತ್ತಿರ ಮತ್ತೆ ಹೋಗಬೇಕೆಂದು ಬೀಗಿತಿಯೂ ನಾನೂ ಮಾತಾಡಿಕೊಂಡಿದ್ದೇವೆ. ಪಟ್ಟಣಕ್ಕೆ ಹೋಗಲು ಇಬ್ಬರಿಗೂ ಒಂದು ನೆಪ.

ಅಲ್ಲಿಯವರೆಗೆ ಹಾಡು ನನ್ನ ಫೋನಿನಲ್ಲೇ ಇರುತ್ತದೆ. ಬೇಕಾದವರು ಇಲ್ಲಿಗೇ ಬಂದು ಕೇಳಿ. ಒಂದು ಮಾತು: ಅದರಲ್ಲಿ ಬೀಗಿತಿಯ ಗಟ್ಟಿ ದನಿ ಎಲ್ಲೋ ಹೊಳೆಯಾಚೆ ಇದ್ದಂತೆ ಕೇಳುತ್ತದೆ. ನನ್ನದು ಬಂದಾಗ ಫೋನೇ ಒಡೆದುಹೋಗುವಂತೆ ಅಬ್ಬರಿಸುತ್ತದೆ. ಶಬ್ದ ಮೊದಲೇ ತಗ್ಗಿಸಿಕೊಳ್ಳಿ.